ಹಕ್ಕಿದ್ದ ಮಾತ್ರಕ್ಕೆ ಧರ್ಮವಾದೀತೆ?



ಹೊಲದ ಬದುವಿನ ಜಗಳವಿರಲಿ, ಅಣ್ಣತಮ್ಮಂದಿರ ವಾಟ್ನಿಯಿರಲಿ, ಬಾವಿ ನೀರಿನ ತಕರಾರಿರಲಿ, ಇಂದು ಎಲ್ಲ ಮಾತೂ ಬಂದು ನಿಲ್ಲುವುದು ಒಂದೇ ಶಬ್ದದಲ್ಲಿ. "ಅದು ನನ್ನ ಹಕ್ಕು" ಎಂಬುದೇ ಆ ಮಾತು. ಅದು ಬಾಯಿಂದ ಬಿದ್ದ ಮೇಲೆ ಕಟ್ಟೆಯ ಮೇಲೆ ಕುಳಿತ ಹಿರಿಯರು ಸುಮ್ಮನಾಗುತ್ತಾರೆ, ನೆರೆಯವರು ಎದ್ದು ಹೋಗುತ್ತಾರೆ, ಪಹಣಿಯ ಪ್ರತಿ ಮುಂದೆ ಬರುತ್ತದೆ. ಪಹಣಿಯಲ್ಲಿ ಹೆಸರಿದ್ದವನು ಗೆದ್ದಂತೆ, ಇಲ್ಲದವನು ಸೋತಂತೆ ಆಗಿಬಿಡುತ್ತದೆ. ಹಕ್ಕಿದೆ ಎಂದು ಸಿದ್ಧವಾದರೆ ಅವನು ಮಾಡಿದ್ದೆಲ್ಲ ಸರಿ ಎಂದೇ ಜನ ತಿಳಿಯುತ್ತಾರೆ. ಈ ತಿಳಿವಳಿಕೆ ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ಇಂದು ತುಸು ವಿಚಾರ ಮಾಡೋಣ.

ಮೊದಲು ಶಬ್ದವನ್ನೇ ನೋಡೋಣ. ಹಕ್ಕು ಎಂಬುದು ಮೂಲತಃ ಅರಬ್ಬೀ ಭಾಷೆಯ ಮಾತು. 1347ರಲ್ಲಿ ಬಹಮನಿ ಸುಲ್ತಾನರು ನಮ್ಮ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಮೇಲೆ, ಮುಂದೆ ನಿಜಾಮರ ಕಾಲದವರೆಗೂ, ದಫ್ತರು, ದಸ್ತಾವೇಜು, ಜಮೀನು, ವಾರಸುದಾರಿಕೆ ಇವೇ ಮೊದಲಾದ ಮಾತುಗಳು ಈ ನಾಡಿನ ಜನರ ನಾಲಿಗೆಗೆ ರೂಢಿಯಾದವು. ಹಕ್ಕು ಎಂಬುದೂ ಅಂಥದೇ ಮಾತು. ಸೋಜಿಗವೆಂದರೆ, ಮೂಲದಲ್ಲಿ ಆ ಶಬ್ದಕ್ಕೆ ಎರಡು ಅರ್ಥಗಳಿವೆ. ಒಬ್ಬನಿಗೆ ಸಲ್ಲಬೇಕಾದದ್ದು ಎಂಬುದು ಒಂದು, ಸತ್ಯ ಎಂಬುದು ಇನ್ನೊಂದು. ಮುಸಲ್ಮಾನ ಬಾಂಧವರು ಭಗವಂತನನ್ನು ಕರೆಯುವ ನಾಮಗಳಲ್ಲಿಯೂ ಆ ಶಬ್ದವಿದೆ. ನಮ್ಮ ಮಾತಿನೊಳಗೆ ಬರುವಾಗ "ಸಲ್ಲಬೇಕಾದದ್ದು" ಎಂಬ ಅರ್ಥ ಉಳಿಯಿತು, "ಸತ್ಯ" ಎಂಬ ಅರ್ಥ ದಾರಿಯಲ್ಲಿ ಬಿದ್ದುಹೋಯಿತು. ಶಬ್ದದಲ್ಲಿ ಆದದ್ದೇ ಇಂದು ಬದುಕಿನಲ್ಲಿಯೂ ಆಗುತ್ತಿದೆ.

ಹಾಗೆಂದು ಹಕ್ಕನ್ನು ಹಗುರವಾಗಿ ಕಾಣಬಾರದು. ಹಕ್ಕು ಎಂಬುದು ಹೊಲದ ಸುತ್ತಲಿನ ಬೇಲಿಯಿದ್ದಂತೆ. ಬೇಲಿಯಿಲ್ಲದ ಹೊಲವನ್ನು ಮೊದಲು ಮೇಯುವುದು ಬಲಿಷ್ಠರ ದನ. ಬಡವನಿಗೆ, ವಿಧವೆಗೆ, ಕೂಲಿಯವನಿಗೆ, ಅನಾಥ ಮಕ್ಕಳಿಗೆ ಹಕ್ಕೇ ಊರುಗೋಲು. ಆದರೆ ಬೇಲಿಯ ಕೆಲಸವೇನು? ಹೊರಗಿನವರು ಒಳಗೆ ಬಾರದಂತೆ ತಡೆಯುವುದು. ಒಳಗೆ ಏನು ಬಿತ್ತಬೇಕು, ಬೆಳೆದದ್ದರಲ್ಲಿ ಯಾರಿಗೆ ಎಷ್ಟು ಕೊಡಬೇಕು ಎಂಬುದನ್ನು ಬೇಲಿ ಹೇಳಲಾರದು. ಹಕ್ಕೂ ಹಾಗೆಯೇ. "ನಿನ್ನನ್ನು ಯಾರೂ ತಡೆಯುವಂತಿಲ್ಲ" ಎಂದಷ್ಟೇ ಅದು ಹೇಳುತ್ತದೆ. "ನೀನು ಮಾಡುತ್ತಿರುವುದು ಒಳ್ಳೆಯದು" ಎಂದು ಹೇಳುವ ಅಧಿಕಾರ ಅದಕ್ಕಿಲ್ಲ.

ಮರತೂರಿನ ಪಾಠ

ಹಕ್ಕಿನ ಶಾಸ್ತ್ರವನ್ನು ಕಲಿಯಲು ನಮ್ಮ ಭಾಗದ ಜನ ದೂರ ಹೋಗಬೇಕಿಲ್ಲ. ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಗೆ ಭಾರತದ ಬಹುಭಾಗದಲ್ಲಿ ಆಧಾರವಾದ 'ಮಿತಾಕ್ಷರಾ' ಗ್ರಂಥವನ್ನು ಬರೆದ ವಿಜ್ಞಾನೇಶ್ವರರ ಹೆಸರು ನಮ್ಮ ಕಲಬುರಗಿ ಜಿಲ್ಲೆಯ ಮರತೂರಿನೊಂದಿಗೆ ಬೆಸೆದುಕೊಂಡಿದೆ. 1076ರಿಂದ 1126ರವರೆಗೆ ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ಆ ಪಂಡಿತರು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ಮಿತಾಕ್ಷರಾ. ಅದರ ದಾಯಭಾಗದ ಪ್ರಕರಣವನ್ನು ಕೋಲ್‌ಬ್ರೂಕ್ ಎಂಬ ಆಂಗ್ಲ ವಿದ್ವಾಂಸ 1810ರಲ್ಲಿ ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷರ ನ್ಯಾಯಾಲಯಗಳೂ ಅದನ್ನೇ ಹಿಡಿದು ತೀರ್ಪು ಕೊಟ್ಟವು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟು ಎಂದು ನಮ್ಮ ಹಳ್ಳಿಯ ಮುದುಕರೂ ಬಲ್ಲರು. ಆ ಮಾತಿಗೆ ಶಾಸ್ತ್ರದ ಬಲ ಕೊಟ್ಟವರು ವಿಜ್ಞಾನೇಶ್ವರರು.

ಆ ಗ್ರಂಥದ ರಚನೆಯನ್ನು ಗಮನಿಸಿರಿ. ಅದರಲ್ಲಿ ಮೂರು ಅಧ್ಯಾಯಗಳಿವೆ. ಮೊದಲನೆಯದು ಆಚಾರ, ಎರಡನೆಯದು ವ್ಯವಹಾರ, ಮೂರನೆಯದು ಪ್ರಾಯಶ್ಚಿತ್ತ. ಹಕ್ಕು, ಪಾಲು, ಸಾಲ, ಸಾಕ್ಷಿ, ದಾವೆ ಇವೆಲ್ಲ ಬರುವುದು ನಡುವಿನ ವ್ಯವಹಾರಾಧ್ಯಾಯದಲ್ಲಿ. ಅದರ ಹಿಂದೆ ಹೇಗೆ ಬಾಳಬೇಕೆಂಬ ಆಚಾರವಿದೆ. ಅದರ ಮುಂದೆ, ತಪ್ಪಿದವನು ಹೇಗೆ ತೊಳೆದುಕೊಳ್ಳಬೇಕೆಂಬ ಪ್ರಾಯಶ್ಚಿತ್ತವಿದೆ. ಹಕ್ಕಿನ ಮಾತು ಎರಡು ದಡಗಳ ನಡುವಿನ ಹೊಳೆಯಂತೆ ಅಲ್ಲಿ ಹರಿಯುತ್ತದೆ. ಇಂದು ನಾವು ನಡುವಿನ ಅಧ್ಯಾಯವನ್ನಷ್ಟೇ ಇಟ್ಟುಕೊಂಡು ಮುಂದಿನದನ್ನೂ ಹಿಂದಿನದನ್ನೂ ಕಿತ್ತೆಸೆದಿದ್ದೇವೆ. ದಡವಿಲ್ಲದ ಹೊಳೆ ಊರಿಗೆ ನೀರು ಕೊಡುವುದಿಲ್ಲ, ಊರನ್ನೇ ಕೊಚ್ಚಿಕೊಂಡು ಹೋಗುತ್ತದೆ.

ನೆಲದಡಿಯ ನೀರು

ಒಂದು ದೃಷ್ಟಾಂತ ನೋಡಿರಿ. ಇಬ್ಬರು ರೈತರ ಹೊಲ ಒಂದಕ್ಕೊಂದು ಹತ್ತಿಕೊಂಡಿವೆ. ಒಬ್ಬನ ಹೊಲದಲ್ಲಿ ಅಜ್ಜನ ಕಾಲದ ತೆರೆದ ಬಾವಿ. ಇನ್ನೊಬ್ಬನು ಬದುವಿನ ಈಚೆಗೆ ಆಳವಾದ ಬೋರು ಹಾಕಿಸುತ್ತಾನೆ. ಒಂದೆರಡು ಬೇಸಿಗೆ ಕಳೆಯುವುದರೊಳಗೆ ಬಾವಿಯ ತಳ ಕಾಣುತ್ತದೆ. ಬಾವಿಯವನು ಕೇಳಿದರೆ ಬೋರಿನವನು ಹೇಳುವುದೇನು? "ನನ್ನ ಹೊಲ, ನನ್ನ ರೊಕ್ಕ, ನನ್ನ ಬೋರು."

ಕಾನೂನು ಬಹುಕಾಲ ಅವನ ಪಕ್ಷದಲ್ಲಿಯೇ ಇತ್ತು. ನೆಲದಡಿಯಲ್ಲಿ ಗೊತ್ತಾದ ಕಾಲುವೆಯಾಗಿ ಹರಿಯದೆ ಜಿನುಗುವ ನೀರನ್ನು ಭೂಮಿಯ ಒಡೆಯನು ತನ್ನ ಎಲ್ಲೆಯೊಳಗೆ ಎತ್ತಿಕೊಳ್ಳಬಹುದೆಂದು 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆ ಹೇಳುತ್ತದೆ. ಈ ವಿಚಾರ ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿಯ ಬ್ರಾಡ್‌ಫರ್ಡ್ ನಗರದಲ್ಲಿ ಪಿಕಲ್ಸ್ ಎಂಬ ಭೂಮಾಲೀಕನಿದ್ದನು. ನಗರಕ್ಕೆ ನೀರು ಕೊಡುತ್ತಿದ್ದ ಬುಗ್ಗೆಗಳ ಮೇಲ್ಭಾಗದಲ್ಲಿ ಅವನ ಜಮೀನು. ಅವನು ತನ್ನ ನೆಲದಲ್ಲಿ ಗುಂಡಿ ತೋಡಿಸಿ ಬುಗ್ಗೆಗೆ ಹೋಗುವ ನೀರನ್ನು ತಿರುಗಿಸಲು ಹೊರಟನು. ನೀರಿಗೋ ಜಮೀನಿಗೋ ನಗರಸಭೆಯಿಂದ ಹಣ ಎಳೆಯುವುದೇ ಅವನ ಉದ್ದೇಶವೆಂದು ನಗರಸಭೆ ದಾವೆ ಹೂಡಿತು. 1895ರಲ್ಲಿ ಇಂಗ್ಲೆಂಡಿನ ಅತ್ಯುಚ್ಚ ನ್ಯಾಯಪೀಠ ಪಿಕಲ್ಸನ ಪರವಾಗಿಯೇ ತೀರ್ಪು ಕೊಟ್ಟಿತು. ಕೆಲಸಕ್ಕೆ ಹಕ್ಕಿದ್ದ ಮೇಲೆ ಉದ್ದೇಶ ಕೆಟ್ಟದ್ದೆಂಬ ಕಾರಣಕ್ಕೆ ಅದು ಕಾನೂನುಬಾಹಿರವಾಗದು ಎಂಬುದು ಆ ತೀರ್ಪಿನ ಸಾರ. ಇಂದಿಗೂ ಕಾನೂನು ಓದುವ ಮಕ್ಕಳಿಗೆ ಈ ಪ್ರಕರಣವನ್ನು ಹೇಳಿಕೊಡುತ್ತಾರೆ.

ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕೆ? ಒಂದು ಊರಿನ ನೀರನ್ನು ತಡೆಯಹೊರಟವನ ಹಕ್ಕನ್ನು ನ್ಯಾಯಾಲಯ ಎತ್ತಿಹಿಡಿಯಿತು. ಅವನು ಒಳ್ಳೆಯವನೆಂದು ಮಾತ್ರ ಆ ತೀರ್ಪು ಹೇಳಲಿಲ್ಲ. ಹೇಳುವುದು ಅದರ ಕೆಲಸವೂ ಆಗಿರಲಿಲ್ಲ. ನ್ಯಾಯಾಲಯ ಅಳೆಯುವುದು ಎಲ್ಲೆಯನ್ನು, ಎದೆಯನ್ನಲ್ಲ.

ಮುಂದೆ ಕಾನೂನೂ ಕಣ್ಣು ತೆರೆಯಿತು. ಕುಡಿಯುವ ನೀರಿನ ಮೂಲಗಳನ್ನು ಕಾಪಾಡಲು ನಮ್ಮ ರಾಜ್ಯ 1999ರಲ್ಲಿ ಒಂದು ಕಾಯ್ದೆ ಮಾಡಿತು. ಸಾರ್ವಜನಿಕ ಕುಡಿಯುವ ನೀರಿನ ಬಾವಿಯ 500 ಮೀಟರಿನೊಳಗೆ ಅನುಮತಿಯಿಲ್ಲದೆ ಹೊಸ ಬಾವಿ ತೋಡಬಾರದೆಂದು ಅದು ವಿಧಿಸಿತು. ಅಂತರ್ಜಲದ ನಿಯಂತ್ರಣಕ್ಕೆಂದು 2011ರಲ್ಲಿ ಮತ್ತೊಂದು ಕಾಯ್ದೆ ಬಂದಿತು. ಆದರೆ 1882 ಎಲ್ಲಿ, 1999 ಎಲ್ಲಿ? ನಡುವೆ ನೂರಕ್ಕೂ ಹೆಚ್ಚು ವರ್ಷ. ಅಷ್ಟು ದೀರ್ಘಕಾಲ ನೆರೆಯವನ ಬಾವಿಯನ್ನು ಉಳಿಸಬಲ್ಲದ್ದಾಗಿದ್ದು ನೆರೆಯವನ ಮನಸ್ಸೊಂದೇ. ಕಾನೂನು ಎತ್ತಿನ ಗಾಡಿ, ನಿಧಾನವಾಗಿ ಬರುತ್ತದೆ. ಧರ್ಮ ಮುಂದೆ ನಡೆದು ದಾರಿ ಮಾಡಿರಬೇಕು.

ನಮ್ಮ ಎರೆನೆಲದ ತೊಗರಿಯಾಗಲಿ, ಕಮಲಾಪುರದ ಹೆಸರುವಾಸಿಯಾದ ಕೆಂಪು ಬಾಳೆಯಾಗಲಿ, ಒಬ್ಬನ ಬೆವರಿನಿಂದಷ್ಟೇ ಬೆಳೆಯುವುದಿಲ್ಲ. ಮಳೆಯ ಪಾಲಿದೆ, ನೆಲದೊಳಗಿನ ನೀರಿನ ಪಾಲಿದೆ, ಆ ನೀರನ್ನು ಮುಗಿಸದೆ ಉಳಿಸಿದ ಹಿರಿಯರ ಪಾಲಿದೆ. ಮೇಲಿನ ಮಣ್ಣಿಗೆ ಬದು ಹಾಕಬಹುದು. ಕೆಳಗಿನ ನೀರಿಗೆ ಯಾರು ಬದು ಹಾಕಿಯಾರು?

ಕಲಬುರಗಿಯ ಶ್ರೀ ಶರಣಬಸವೇಶ್ವರರನ್ನು ಇಲ್ಲಿ ಸ್ಮರಿಸಬೇಕು. 18ನೆಯ ಶತಮಾನದಲ್ಲಿ ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿದ ಆ ಮಹಾತ್ಮರು ಒಕ್ಕಲುತನ ಮಾಡಿದವರು. ಬೆಳೆ ಕಾಯಲು ಹೊಲಕ್ಕೆ ಹೋದಾಗ ಹಕ್ಕಿಗಳನ್ನು ಓಡಿಸದೆ ತೆನೆ ತಿನ್ನಲು ಬಿಟ್ಟರೆಂದು ಭಕ್ತರು ತಲೆತಲಾಂತರದಿಂದ ಹೇಳುತ್ತ ಬಂದಿದ್ದಾರೆ. ಹಕ್ಕಿ ಓಡಿಸುವ ಹಕ್ಕು ಅವರಿಗಿರಲಿಲ್ಲವೆ? ಇತ್ತು. ಕವಣೆ ಬೀಸಿದ್ದರೆ ತಪ್ಪೆಂದು ಯಾರೂ ಅನ್ನುತ್ತಿರಲಿಲ್ಲ. ಆದರೂ ಹಸಿದ ಜೀವದ ಎದುರಿಗೆ ಆ ಹಕ್ಕನ್ನು ಅವರು ಮುಂದಿಡಲಿಲ್ಲ. ನಾವೆಲ್ಲರೂ ಹಕ್ಕಿಗೆ ಹೊಲ ಬಿಟ್ಟುಕೊಟ್ಟು ಬದುಕಲಾರೆವು, ಅದು ಮಹಾತ್ಮರ ಮಾತು. ಹಕ್ಕಿಗೆ ಬಿಡದಿದ್ದರೂ ನೆರೆಯವನ ಬಾವಿಯ ಹತ್ತಿರ ಬೋರು ಕೊರೆಯಿಸುವ ಮುನ್ನ ಅವನ ಮನೆಗೆ ಹೋಗಿ ಒಂದು ಮಾತು ಕೇಳಬಹುದಷ್ಟೆ?

ಮೂರು ವರ್ಷದ ಸಾಲ

ಇನ್ನು ಸಾಲದ ಮಾತು. ಕೈಗಡ ಪಡೆದ ಹಣವನ್ನು ವಸೂಲು ಮಾಡಲು ಸಾಮಾನ್ಯವಾಗಿ ಮೂರು ವರ್ಷದೊಳಗೆ ದಾವೆ ಹೂಡಬೇಕೆಂದು 1963ರ ಕಾಲಮಿತಿ ಕಾಯ್ದೆ ಹೇಳುತ್ತದೆ. ಅವಧಿ ಮೀರಿದರೆ ಕೋರ್ಟು ಆ ದಾವೆಯನ್ನು ವಜಾ ಮಾಡುತ್ತದೆ. ಕೆಲವರು ಇದನ್ನೇ ಕಾಯುತ್ತಾರೆ. ಇಂದು ಕೊಡುತ್ತೇನೆ, ಸುಗ್ಗಿಗೆ ಕೊಡುತ್ತೇನೆ, ತೊಗರಿ ಮಾರಿದ ಮೇಲೆ ಕೊಡುತ್ತೇನೆ ಎಂದು ಮೂರು ವರ್ಷ ತಳ್ಳಿ, ಆಮೇಲೆ "ಸಾಲ ಮುಗಿಯಿತು, ಕಾನೂನೇ ನನ್ನನ್ನು ಬಿಟ್ಟಿದೆ" ಎಂದು ಮೀಸೆ ತಿರುವುತ್ತಾರೆ.

ಆದರೆ ಕಾನೂನು ಹೇಳಿದ್ದೇನು? ಸಾಲ ಸತ್ತಿತೆಂದು ಅದು ಹೇಳಿಲ್ಲ. ದಾವೆಯ ಬಾಗಿಲು ಮುಚ್ಚಿತೆಂದಷ್ಟೇ ಹೇಳಿದೆ. ಸಾಲ ಇದ್ದಲ್ಲಿಯೇ ಇದೆ. ಇನ್ನೂ ಒಂದು ಮಾತುಂಟು. ಅವಧಿ ಮೀರಿದ ಸಾಲವನ್ನು ತೀರಿಸುತ್ತೇನೆಂದು ಸಾಲಗಾರನು ಮತ್ತೆ ಬರೆದು ಸಹಿ ಮಾಡಿಕೊಟ್ಟರೆ, ಹೊಸದಾಗಿ ಒಂದು ಪೈಸೆ ಪಡೆಯದಿದ್ದರೂ ಆ ಒಪ್ಪಂದ ಊರ್ಜಿತವೆಂದು 1872ರ ಕರಾರು ಕಾಯ್ದೆಯ 25ನೆಯ ಕಲಮು ಹೇಳುತ್ತದೆ. ಇದರ ತಾತ್ಪರ್ಯವೇನು? ಕಾನೂನು ತಾನು ಕೈಬಿಟ್ಟ ಜಾಗದಲ್ಲಿ ಮನುಷ್ಯನ ಮನಸ್ಸಾಕ್ಷಿಗೆ ಒಂದು ಪೀಠ ಹಾಕಿ ಕಾದು ಕುಳಿತಿದೆ. ಕೊಡಬೇಕೆನ್ನುವವನು ಬಂದರೆ ಅವನ ಮಾತಿಗೆ ಮರ್ಯಾದೆ ಕೊಡುತ್ತದೆ. ಬಾರದವನನ್ನು ಎಳೆದು ತರುವುದಿಲ್ಲ.

ತಂದೆಯ ಸಾಲವನ್ನು ಮಗ ತೀರಿಸಬೇಕೆಂದು ವಿಜ್ಞಾನೇಶ್ವರರ ಕಾಲದಿಂದಲೂ ಶಾಸ್ತ್ರವಿತ್ತು. ಆದರೆ ತಂದೆ ಕುಡಿತಕ್ಕೆ, ಜೂಜಿಗೆ ಮಾಡಿದ ಸಾಲ ಮಗನನ್ನು ಕಟ್ಟುವುದಿಲ್ಲವೆಂಬ ವಿವೇಕವೂ ಅದರಲ್ಲಿತ್ತು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿಯಾದಾಗ, ಪುತ್ರಧರ್ಮವೆಂಬ ಒಂದೇ ಕಾರಣದಿಂದ ಆ ನಂತರದ ತಂದೆಯ ಸಾಲಕ್ಕೆ ಮಗನನ್ನು ಹಿಡಿಯುವಂತಿಲ್ಲ ಎಂದಾಯಿತು. ಮಗನನ್ನು ಹಿಡಿಯುವ ಹಕ್ಕು ಸಾಲ ಕೊಟ್ಟವನ ಕೈತಪ್ಪಿತು. ಒಳ್ಳೆಯದೇ ಆಯಿತು. ಅದರಿಂದ ಎಷ್ಟೋ ಮಕ್ಕಳು ಬದುಕಿಕೊಂಡರು. ಆದರೆ ಆಪತ್ಕಾಲದಲ್ಲಿ ಚೀಟಿಯಿಲ್ಲದೆ, ಸಾಕ್ಷಿಯಿಲ್ಲದೆ, ಮುಖ ನೋಡಿ ತಂದೆಗೆ ಬೀಜಕ್ಕೆ ರೊಕ್ಕ ಕೊಟ್ಟ ನೆರೆಮನೆಯವನು ಕಣ್ಣೆದುರಿಗೆ ಬಂದು ನಿಂತಾಗ, ಶಕ್ತಿಯಿದ್ದ ಮಗ "ಕಾಯ್ದೆ ಬದಲಾಗಿದೆ" ಎನ್ನುವುದು ಯಾವ ಮನೆತನದ ಮಾತು? ಆ ಮಗ ಕೋರ್ಟಿನಲ್ಲಿ ಗೆಲ್ಲುತ್ತಾನೆ. ಆದರೆ ಮುಂದಿನ ಬಿತ್ತನೆಗೆ ಊರಿನಲ್ಲಿ ಯಾರೂ ಯಾರಿಗೂ ಮುಖ ನೋಡಿ ಕೊಡದಂತಾಗುತ್ತದೆ. ಹಾನಿ ಒಬ್ಬನದಲ್ಲ, ಊರಿನದು.

ಅಕ್ಕತಂಗಿಯರ ಪಾಲು

ಇಲ್ಲಿಯವರೆಗೆ ಹೇಳಿದ್ದನ್ನು ಕೇಳಿ ಕೆಲವರು ತಲೆದೂಗಿರಬಹುದು. "ಅಪ್ಪಾಜಿಯವರು ಸರಿಯಾಗಿ ಹೇಳಿದರು, ಹಕ್ಕೆಂದು ಹಟ ಹಿಡಿಯಬಾರದು, ಇದನ್ನು ನಮ್ಮ ತಂಗಿಗೂ ಹೇಳಬೇಕು" ಎಂದುಕೊಂಡಿರಬಹುದು. ಅಂಥವರು ತುಸು ತಾಳಬೇಕು. ಇಂದು ನಾವು ಮುಖ್ಯವಾಗಿ ಹೇಳಬೇಕಾದದ್ದು ಇಲ್ಲಿಯೇ ಇದೆ.

ಕಾನೂನಿನ ಸ್ಥಿತಿಯನ್ನು ಮೊದಲು ತಿಳಿಯಿರಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ವೀರಶೈವರು, ಲಿಂಗಾಯತರು ಎಂದು ಹೆಸರು ಹೇಳಿಯೇ ನಮ್ಮನ್ನೂ ಒಳಗೊಂಡಿದೆ. ತಂದೆ ಮೃತ್ಯುಪತ್ರವಿಲ್ಲದೆ ತೀರಿಕೊಂಡರೆ ಅವನ ಸ್ವಯಾರ್ಜಿತದಲ್ಲಿ ಮಗನಿಗೆಷ್ಟೋ ಮಗಳಿಗೂ ಅಷ್ಟೇ ಎಂದು ಅದು ಅಂದೇ ಹೇಳಿತು. ಪಿತ್ರಾರ್ಜಿತದಲ್ಲಿಯೂ ಮಗಳಿಗೆ ಹುಟ್ಟಿನಿಂದ ಪಾಲುಂಟೆಂದು ನಮ್ಮ ಕರ್ನಾಟಕ 1994ರಲ್ಲಿ ತಿದ್ದುಪಡಿ ತಂದಿತು. ಆದರೆ ಅದಕ್ಕೂ ಮುನ್ನ ಮದುವೆಯಾದ ಹೆಣ್ಣುಮಕ್ಕಳು ಹೊರಗುಳಿದರು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ತಂದೆ ಆ ದಿನ ಬದುಕಿರಲೇಬೇಕೆಂಬ ನಿರ್ಬಂಧವಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ತೀರ್ಪು ಕೊಟ್ಟಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಕಾಯ್ದೆಶೀರಾಗಿ ಆಗಿಹೋದ ವಾಟ್ನಿಗಳನ್ನು ಮಾತ್ರ ಕಾನೂನು ಕದಲಿಸುವುದಿಲ್ಲ.

ಹೆಣ್ಣಿಗೆ ಪಾಲು ಎಂಬುದು ಹೊರಗಿನಿಂದ ಬಂದ ಹೊಸ ಮಾತೆಂದು ಹೇಳುವವರುಂಟು. ಅವರು ಮರತೂರಿನತ್ತ ನೋಡಲಿ. ಮದುವೆಯಾಗದ ಸೋದರಿಗೆ, ಆಕೆ ಗಂಡಾಗಿ ಹುಟ್ಟಿದ್ದರೆ ಎಷ್ಟು ಸಲ್ಲುತ್ತಿತ್ತೋ ಅದರ ನಾಲ್ಕನೆಯ ಒಂದು ಭಾಗವನ್ನು ಕೊಡಬೇಕು, ಇದು ಬರಿಯ ಮದುವೆಯ ಖರ್ಚಲ್ಲ, ಆಕೆಗೆ ಸಲ್ಲುವ ಪಾಲು ಎಂದು ವಿಜ್ಞಾನೇಶ್ವರರು ವಾದಿಸಿದರು. ಒಂಬೈನೂರು ವರ್ಷದ ಹಿಂದೆಯೇ ನಮ್ಮ ನಾಡಿನ ಪಂಡಿತರು ಕಾಲುಭಾಗದವರೆಗೆ ಬಂದಿದ್ದರು. ಉಳಿದ ಮುಕ್ಕಾಲು ಭಾಗದ ದಾರಿ ನಡೆಯಲು ಸಮಾಜಕ್ಕೆ ಇಷ್ಟು ಕಾಲ ಬೇಕಾಯಿತು.

ಈಗ ಹಳ್ಳಿಯಲ್ಲಿ ಆಗುತ್ತಿರುವುದೇನು? ಕಲಬುರಗಿ ನಗರ ಬೆಳೆಯುತ್ತ ಬಂದಿದೆ. ನಂದೂರ, ಕೆಸರಟಗಿ ಕಡೆ ಕೈಗಾರಿಕಾ ಪ್ರದೇಶ ಬಂದಿದೆ. ಎಕರೆ, ಗುಂಟೆಯ ಲೆಕ್ಕದ ಹೊಲವನ್ನು ಈಗ ಚದರಡಿಯ ಲೆಕ್ಕದಲ್ಲಿ ಕೇಳುವವರಿದ್ದಾರೆ. ಎರೆಹೊಲ ಬರಿಯ ಜೋಳ ಕೊಡುತ್ತಿದ್ದಾಗ ಯಾರಿಗೂ ನೆನಪಾಗದ ತಂಗಿ ಬೆಲೆ ಏರಿದಾಗ ನೆನಪಾಗುತ್ತಾಳೆ. ನೆನಪಾಗುವುದು ಪಾಲು ಕೊಡಲಿಕ್ಕಲ್ಲ, ಸಹಿ ಹಾಕಿಸಿಕೊಳ್ಳಲಿಕ್ಕೆ. ಪಂಚಮಿಗೆ ಕರೆಯಲು ಬಾರದ ಅಣ್ಣ ರಜಿಸ್ಟ್ರಿ ಕಚೇರಿಗೆ ಕರೆಯಲು ಗಾಡಿ ಮಾಡಿಕೊಂಡು ಬರುತ್ತಾನೆ. ಹಕ್ಕು ಬಿಡುಗಡೆ ಪತ್ರ ಮೊದಲೇ ಸಿದ್ಧವಾಗಿರುತ್ತದೆ. ಅದನ್ನು ಆಕೆಗೆ ಓದಿ ಹೇಳುವವರಿಲ್ಲ. ಆಕೆ ಒಂದು ಕ್ಷಣ ತಡೆದರೆ ಅಣ್ಣನ ಬಾಯಲ್ಲಿ ಧರ್ಮದ ಮಾತು ಬರುತ್ತದೆ. "ನಿನಗೆ ಹಕ್ಕಿದೆ ಎಂಬುದು ನಿಜ ತಂಗಿ, ಆದರೆ ಕೇಳುವುದು ಸರಿಯೇ? ತವರು ಬೇಡವೇ? ಒಳ್ಳೆಯ ಹೆಣ್ಣುಮಕ್ಕಳು ಕೇಳುತ್ತಾರೆಯೇ?"

ಭಕ್ತರೇ, ಹಕ್ಕು ಬೇರೆ, ಸರಿ ಬೇರೆ ಎಂಬ ತತ್ವ ಇಲ್ಲಿಯೂ ಕಾಣಿಸಿತು. ಆದರೆ ತಿರುಗುಮುರುಗಾಗಿ ಕಾಣಿಸಿತು. ಬೋರಿನವನು ತನ್ನ ಹಕ್ಕಿನ ವಿಷಯದಲ್ಲಿ "ಸರಿಯೇ?" ಎಂದು ಕೇಳಿಕೊಳ್ಳಬೇಕಿತ್ತು, ಕೇಳಿಕೊಳ್ಳಲಿಲ್ಲ. ಸಾಲಗಾರನೂ ಕೇಳಿಕೊಳ್ಳಲಿಲ್ಲ. ಅಣ್ಣನು ಮಾತ್ರ ಆ ಪ್ರಶ್ನೆಯನ್ನು ಬಹು ಚೆನ್ನಾಗಿ ಕೇಳಿದನು, ತಂಗಿಯ ಹಕ್ಕಿನ ವಿಷಯದಲ್ಲಿ! ಧರ್ಮದ ತಕ್ಕಡಿಯನ್ನು ತನ್ನ ಮನೆಯಲ್ಲಿ ಮೂಲೆಗಿಟ್ಟು ತಂಗಿಯ ಮುಂದೆ ಹಿಡಿದನು. ಇದು ಧರ್ಮವಲ್ಲ, ಧರ್ಮದ ಮಾತಿನಿಂದ ಮಾಡಿದ ವ್ಯವಹಾರ.

ಆದ್ದರಿಂದ ನೆನಪಿಡಬೇಕಾದ ಸೂತ್ರ ಒಂದೇ. ಇನ್ನೊಬ್ಬರ ಹಕ್ಕಿನ ಮಾತು ಬಂದಾಗ ಕಾನೂನಿನ ಅಳತೆಯಲ್ಲಿ ಅಳೆದು, ಒಂದು ಗುಂಟೆಯೂ ಕಡಿಮೆಯಾಗದಂತೆ ಕೊಡಬೇಕು. ತನ್ನ ಹಕ್ಕಿನ ಮಾತು ಬಂದಾಗ ಧರ್ಮದ ಅಳತೆಯಲ್ಲಿ ಅಳೆದು ಬಳಸಬೇಕು. ಈ ಎರಡು ಅಳತೆಗೋಲುಗಳನ್ನು ಅದಲುಬದಲು ಮಾಡಿದರೆ ಲೋಕದಲ್ಲಿ ಅನ್ಯಾಯವೇ ನ್ಯಾಯದ ವೇಷ ತೊಟ್ಟು ಬರುತ್ತದೆ. ಬಲವುಳ್ಳವನು ಬಲವಿಲ್ಲದವನಿಗೆ ತ್ಯಾಗದ ಉಪದೇಶ ಮಾಡುವುದು ಸುಲಭ. ಆ ಉಪದೇಶ ತನಗೇ ಮಾಡಿಕೊಳ್ಳಬೇಕಾದದ್ದು.

ಹಾಗಾದರೆ ತಂಗಿಯು ತನ್ನ ಪಾಲನ್ನು ಬಿಡಬಾರದೇ? ಬಿಡಬಹುದು. ತಮ್ಮನು ಕಷ್ಟದಲ್ಲಿದ್ದಾನೆ, ತಾಯಿಯನ್ನು ಅವನೇ ನೋಡಿಕೊಂಡಿದ್ದಾನೆ, ನನಗೆ ದೇವರು ಕೊಟ್ಟದ್ದು ಸಾಕು ಎಂದು ಆಕೆಗೇ ತೋರಿ, ಪತ್ರವನ್ನು ಓದಿಸಿ ಕೇಳಿ, ಹೆದರಿಕೆಯಿಲ್ಲದೆ ಬಿಟ್ಟರೆ ಅದು ದಾನ. ಅದರ ಪುಣ್ಯ ಆಕೆಯದು. ಹೆದರಿಸಿ, ತವರಿನ ಬಾಗಿಲು ಮುಚ್ಚುತ್ತೇವೆಂದು ಹೇಳಿ ಬಿಡಿಸಿಕೊಂಡರೆ ಅದು ಕಸಿದುಕೊಂಡದ್ದು. ಕಾಗದದಲ್ಲಿ ಎರಡೂ ಒಂದೇ ಬಗೆಯ ಸಹಿ. ಹೊರಗಿನಿಂದ ನೋಡಿದವರಿಗೆ ಭೇದ ತಿಳಿಯದು. ಬರೆಸಿಕೊಂಡವನಿಗೂ ಬರೆದುಕೊಟ್ಟವಳಿಗೂ ಅದು ಚೆನ್ನಾಗಿ ತಿಳಿದಿರುತ್ತದೆ.

ಲಕ್ಕಮ್ಮನ ಪ್ರಶ್ನೆ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ಶರಣ ದಂಪತಿಗಳಿದ್ದರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದನು. ಲಕ್ಕಮ್ಮ ಅದನ್ನು ಒಲೆಯ ಮೇಲಿಡಲಿಲ್ಲ. ನಮಗೆ ಬೇಕಾದದ್ದಕ್ಕಿಂತ ಹೆಚ್ಚಾದದ್ದು ಏಕೆ ಬಂದಿತು, ಹೋಗಿ ಅಲ್ಲಿಯೇ ಸುರಿದು ಬನ್ನಿ ಎಂದು ಪತಿಯನ್ನು ಮರಳಿ ಕಳುಹಿಸಿದಳು.

ಮಾರಯ್ಯ ಕದ್ದು ತಂದಿರಲಿಲ್ಲ. ಚೆಲ್ಲಿದ ಅಕ್ಕಿಯನ್ನು ಆಯಬೇಡವೆಂದು ಯಾರೂ ಹೇಳಿರಲಿಲ್ಲ. ಕೇಳಿದ್ದರೆ ಬಸವಣ್ಣನವರು ಚೀಲವನ್ನೇ ಕೊಡುತ್ತಿದ್ದರು. ಹಕ್ಕಿನ ಲೆಕ್ಕದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಆದರೂ ಸರಿಯಲ್ಲವೆಂದು ಲಕ್ಕಮ್ಮನಿಗೆ ತೋರಿತು. ಇಲ್ಲಿ ಮುಖ್ಯವಾಗಿ ನೋಡಬೇಕಾದದ್ದೇನೆಂದರೆ, ಆಕೆ ಆ ಪ್ರಶ್ನೆಯನ್ನು ಯಾರ ಮನೆಯಲ್ಲಿ ಕೇಳಿದಳು? ನೆರೆಮನೆಗೆ ಹೋಗಿ "ನೀವು ಎಷ್ಟು ತಂದಿರಿ?" ಎಂದು ಲೆಕ್ಕ ಕೇಳಲಿಲ್ಲ. ತನ್ನ ಮನೆಯ ಒಲೆಯ ಮುಂದೆ, ತನ್ನ ಗಂಡನನ್ನು, ತನ್ನ ಪಾಲಿನ ಅಕ್ಕಿಯ ಬಗ್ಗೆ ಕೇಳಿದಳು. ಎಂಟು ನೂರು ವರ್ಷ ಕಳೆದರೂ ಆ ತಾಯಿಯ ಹೆಸರು ಉಳಿದಿರುವುದು ಅದಕ್ಕಾಗಿ.

ಕೋರ್ಟು ಈಗ ನಮಗೆ ಹತ್ತಿರವಾಗಿದೆ. ಹಿಂದೆ ಹೈಕೋರ್ಟಿಗೆ ಬೆಂಗಳೂರಿಗೆ ಅಲೆಯಬೇಕಿತ್ತು. 2008ರಲ್ಲಿ ಕಲಬುರಗಿಯಲ್ಲಿ ಸಂಚಾರಿ ಪೀಠವಾಯಿತು, 2013ರಲ್ಲಿ ಅದು ಕಾಯಂ ಪೀಠವಾಯಿತು. ಅನ್ಯಾಯಕ್ಕೊಳಗಾದವರಿಗೆ ಇದೊಂದು ವರ. ಹಕ್ಕಿಗೆ ಚ್ಯುತಿ ಬಂದ ಬಡವರು, ಹೆಣ್ಣುಮಕ್ಕಳು ಅಲ್ಲಿಗೆ ಹೋಗುವುದರಲ್ಲಿ ತಪ್ಪೇನೂ ಇಲ್ಲ. ಅವರನ್ನು ಮನೆತನದ ಮಾನದ ಹೆಸರಿನಲ್ಲಿ ತಡೆಯುವುದೂ ಸಲ್ಲದು. ಆದರೆ ನಮ್ಮ ಹಿರಿಯರು ಅನುಭವದಿಂದ ಹೇಳಿದ ಗಾದೆಯೊಂದಿದೆ: ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ. ಹಕ್ಕಿನ ಮೇಲೆಯೇ ನಿಂತ ಅಣ್ಣತಮ್ಮಂದಿರ ವ್ಯಾಜ್ಯಗಳು ವರ್ಷಾನುಗಟ್ಟಲೆ ನಡೆದು, ಹೊಲ ಬೀಳು ಬಿದ್ದು, ಕೊನೆಗೆ ಗೆದ್ದ ಹೊಲವನ್ನು ಉಳಲು ಯಾರೂ ಇಲ್ಲದಂತಾದ ಮನೆಗಳನ್ನು ನೀವೆಲ್ಲ ನೋಡಿದ್ದೀರಿ.

ಆದಕಾರಣ ಯಾವುದೇ ಹಕ್ಕನ್ನು ಚಲಾಯಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಇದನ್ನು ಎದುರಿನವನ ಮುಖ ನೋಡಿಕೊಂಡು, ನಾಲ್ಕು ಜನರ ಮುಂದೆ ಮಾಡಬಲ್ಲೆನೇ? ನಾನು ಅವನ ಜಾಗದಲ್ಲಿದ್ದು ಅವನು ನನ್ನ ಜಾಗದಲ್ಲಿದ್ದರೆ ಇದನ್ನು ಸರಿ ಎನ್ನುತ್ತಿದ್ದೆನೇ? ಇದರಿಂದ ನನಗೆ ಬರುವುದು ಹೆಚ್ಚೋ, ಅವನಿಂದ ಹೋಗುವುದು ಹೆಚ್ಚೋ? ಮೂರಕ್ಕೂ ನಿರ್ಮಲವಾದ ಉತ್ತರ ಬಂದರೆ ಧೈರ್ಯವಾಗಿ ಮುಂದೆ ಹೋಗಿರಿ. ಬಾರದಿದ್ದರೆ ಹಕ್ಕು ಜೇಬಿನಲ್ಲಿಯೇ ಇರಲಿ.  ಈ ಮಾತು ಒಕ್ಕಲಿಗನಿಗೆ, ವ್ಯಾಪಾರಿಗೆ, ಅಧಿಕಾರಿಗೆ ಮಾತ್ರವಲ್ಲ, ಆಸ್ತಿಪಾಸ್ತಿಯುಳ್ಳ ಮಠಮಾನ್ಯಗಳಿಗೂ ಅಷ್ಟೇ ಸಲ್ಲುತ್ತದೆ. ಕಾವಿಯ ಬಣ್ಣ ನೋಡಿ ಧರ್ಮ ತಕ್ಕಡಿಯನ್ನು ವಾಲಿಸುವುದಿಲ್ಲ.

ಹಿರಿಯರಲ್ಲಿ ಒಂದು ವಿಶೇಷ ವಿನಂತಿ. ನಿಮ್ಮ ಮನೆಯಲ್ಲಿ ವಾಟ್ನಿಯ ಮಾತು ಬಂದರೆ ಹೆಣ್ಣುಮಕ್ಕಳನ್ನು ಕರೆಸಿ ಗಂಡುಮಕ್ಕಳ ಸಮನಾಗಿ ಜಮಖಾನೆಯ ಮೇಲೆ ಕೂಡಿಸಿರಿ. ಕಾಗದಪತ್ರಗಳನ್ನು ಎಲ್ಲರಿಗೂ ಕೇಳುವಂತೆ ಓದಿಸಿರಿ. ಯಾರ ಪಾಲು ಎಷ್ಟೆಂದು ಮೊದಲು ಸ್ಪಷ್ಟವಾಗಿ ಹೇಳಿರಿ. ಆಮೇಲೆ ಯಾರಾದರೂ ತಾವಾಗಿ ಬಿಟ್ಟುಕೊಟ್ಟರೆ ಕೈಮುಗಿದು ಸ್ವೀಕರಿಸಿರಿ, ಬಿಡದಿದ್ದರೆ ಮುಖ ಗಂಟಿಕ್ಕದೆ ಕೊಟ್ಟು ಉಡಿ ತುಂಬಿ ಕಳುಹಿಸಿರಿ. ಪಾಲು ಪಡೆದ ಮಗಳಿಗೆ ತವರು ಇಲ್ಲವೆಂದು ಯಾವ ಶಾಸ್ತ್ರವೂ ಹೇಳಿಲ್ಲ. ನೀವು ಕಣ್ಣುಮುಚ್ಚಿದ ಮೇಲೂ ಪಂಚಮಿಗೆ ಆ ಮನೆಯಿಂದ ಅಣ್ಣ ಹೊರಡಬೇಕು, ಈ ಮನೆಯಲ್ಲಿ ತಂಗಿ ದಾರಿ ನೋಡಬೇಕು. ಅಷ್ಟು ಉಳಿದರೆ ಹಕ್ಕೂ ಉಳಿಯಿತು, ಧರ್ಮವೂ ಉಳಿಯಿತು.

ಸರ್ವರಿಗೂ ಸನ್ಮಂಗಳವಾಗಲಿ.